ಹೇಗಿದೆ ಎಂದು ಕೇಳುವ ಕೆಲಸ

ಮಾರ್ಚ್ 4, ಮಂಗಳವಾರ. ಸಂಜೆ

ಇವತ್ತೂ ಹೋದೆ. ಆರನೇ ದಿನ. ಅದೇ ಮೂಲೆ ಮೇಜು. ಕುರ್ಚಿಯ ರೆಕ್ಸಿನ್ ಹೊಲಿಗೆ ಬಿಟ್ಟಿದೆ, ಒಳಗಿನ ಸ್ಪಂಜು ಕಾಣುತ್ತದೆ. ಕೂತಾಗಲೆಲ್ಲ ಬೆರಳು ಅಲ್ಲಿಗೇ ಹೋಗುತ್ತದೆ. ಮೂವತ್ತು ವರ್ಷ ಕುಶನ್ ಕೆಲಸ ಮಾಡಿದ ಕೈ. ಸುಮ್ಮನಿರುವುದಿಲ್ಲ.

ಕಾಫಿ ಹೇಳಿದೆ. ಕಾಫಿಯ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತದೆ, ಚಿಕ್ಕಂದಿನಿಂದಲೂ. ಚಹಾ ಹೇಳಬಹುದಿತ್ತು. ಆದರೆ ಚಹಾ ಮಾಡುವವನು ಬೇರೆ, ಕೌಂಟರಿನ ಆ ತುದಿಯಲ್ಲಿ. ಕಾಫಿ ಮೆಷಿನ್ ಮುಂದೆ ನಿಲ್ಲುವವಳು ನನ್ನ ಮಗಳು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಹೊಸದಾಗಿ ಮೆಷಿನ್ ಹಿಡಿದವರು ಮೊದಲ ಮೂರು ತಿಂಗಳು, ತಾವು ಮಾಡಿದ ಕಾಫಿಯನ್ನು ತಾವೇ ಮೇಜಿಗೆ ತರಬೇಕು. ಗಿರಾಕಿ ಮೊದಲ ಗುಟುಕು ಕುಡಿಯುವವರೆಗೆ ನಿಂತು, ಹೇಗಿದೆ ಎಂದು ಕೇಳಬೇಕು. ಹೇಳಿದ್ದನ್ನು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ತಂದಳು. ನಿಂತಳು. ಕಿಟಕಿಯ ಕಡೆ ನೋಡುತ್ತ ಕೇಳಿದಳು.

"ಹೇಗಿದೆ ಸರ್?"

"ಚೆನ್ನಾಗಿದೆ."

ಬರೆದುಕೊಂಡು ಹೋದಳು.

ಇಷ್ಟಕ್ಕಾಗಿ ದಿನವೆಲ್ಲ ಕಾಯುತ್ತೇನೆ. ಐದು ತಿಂಗಳಿಂದ ನನ್ನೊಡನೆ ಮಾತು ಬಿಟ್ಟವಳು. ಈಗ ಆಡುವುದು ಇದೊಂದೇ ಮಾತು, ಅದೂ ಸಂಬಳ ಕೊಡುವವರು ಆಡಿಸುವ ಮಾತು. ಇರಲಿ. ಧ್ವನಿಯಾದರೂ ಕೇಳಿಸುತ್ತದಲ್ಲ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ನಾದಿನಿ ಬಂದಿದ್ದಳು. ಮಗಳು ಆ ಕಾಫಿ ಅಂಗಡಿಯಲ್ಲಿದ್ದಾಳೆ, ಗೆಳತಿಯ ರೂಮಿನಲ್ಲಿ ಇರುತ್ತಾಳೆ ಎಂದು ನನಗೆ ಹೇಳಿದವಳು ಇವಳೇ. ಬಂದವಳೇ ಬಾಗಿಲ ಹಿಂದೆ ನೇತು ಹಾಕಿದ ನನ್ನ ಅಂಗಿ ಮೂಸಿದಳು.

"ಭಾವ, ಅಂಗಿಯೆಲ್ಲ ಕಾಫಿ ಘಮ ಘಮ! ನಿಮಗೊಂದು ಗುಟುಕು ಕುಡಿಸೋಕೆ ನಮ್ಮಕ್ಕ ಇಪ್ಪತ್ತಾರು ವರ್ಷ ಒದ್ದಾಡಿದ್ಲು. ಅವಳ ಕೈಲಿ ಆಗದ್ದು ಮಗಳ ಕೈಲಿ ಆಯ್ತು ನೋಡಿ."

ನಗುತ್ತಲೇ ಅಂದಳು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಹೋಗಿ ಕಂಬದ ಥರ ಕೂತ್ಕೊಂಡ್ರೆ ಆಗಲ್ಲ ಭಾವ. ಬಾಯಿ ಬಿಡಿ. ಅಕ್ಕನೇ ಹೇಳ್ಬೇಡಿ ಅಂದಿದ್ಲು ಅಂತ ಅವಳಿಗೆ ಬಿಡಿಸಿ ಹೇಳಿ" ಅಂದಳು.

ಹೇಳಿಲ್ಲವೇ? ಮಣ್ಣು ಮಾಡಿದ ದಿನವೇ ಹೇಳಿದೆ. ಅಕ್ಟೋಬರಿನಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಮಗಳು ದೂರದ ಊರಿನ ಹಾಸ್ಟೆಲಿನಲ್ಲಿದ್ದಳು. ಕೊನೆಯ ವರ್ಷದ ಪರೀಕ್ಷೆ. "ಪುಟ್ಟಿಗೆ ಹೇಳ್ಬೇಡಿ, ಪರೀಕ್ಷೆ ಮುಗೀಲಿ" ಅಂದದ್ದು ಇವಳೇ. ಹನ್ನೊಂದು ದಿನ ಹೇಳಲಿಲ್ಲ. ಹನ್ನೆರಡನೇ ದಿನ ಮಗಳು ಬಂದಾಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಮಾರ್ಚ್ 8, ಶನಿವಾರ

ಮ್ಯಾನೇಜರ್ ನನ್ನ ಬೆರಳು ನೋಡಿಬಿಟ್ಟ.

"ಏನ್ ಸರ್, ದಿನಾ ಸ್ವಲ್ಪ ಸ್ವಲ್ಪ ಸ್ಪಂಜು ಕಿತ್ಕೊಂಡು ಹೋಗ್ತಿದ್ದೀರಾ? ಮನೇಲಿ ದಿಂಬು ಮಾಡೋಕಾ?"

ನಾಚಿಕೆಯಾಯಿತು. ನನ್ನ ಕೆಲಸ ಇದೇ ಎಂದೆ. ಅವನ ಮುಖ ಅರಳಿತು. ಇಂಥ ಕುರ್ಚಿ ಹನ್ನೆರಡು ಇವೆಯಂತೆ, ಬುಧವಾರ ಬೆಳಿಗ್ಗೆ ಗಿರಾಕಿ ಕಡಿಮೆ, ಬಂದು ಮಾಡಿಕೊಡಿ ಎಂದ. ಮಗಳು ಮೆಷಿನ್ ಹಿಂದಿನಿಂದ ಒಮ್ಮೆ ನೋಡಿದಳು. ಒಪ್ಪಿಕೊಂಡೆ.

"ಆ ಹುಡುಗಿ ಕಾಫಿ ನಿಮಗೆ ಬಲು ಇಷ್ಟ ಅಂತ ಕಾಣುತ್ತೆ" ಅಂದ. "ಇಪ್ಪತ್ತೆರಡಕ್ಕೆ ಅವಳ ಮೂರು ತಿಂಗಳು ಮುಗಿಯುತ್ತೆ. ಆಮೇಲೆ ಮೇಜಿನ ಹತ್ರ ಬರೋ ತಾಪತ್ರಯ ಇಲ್ಲ ಅವಳಿಗೆ."

ಎರಡು ವಾರ. ಆಮೇಲೆ ಹೇಗಿದೆ ಎಂದೂ ಕೇಳುವುದಿಲ್ಲ.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ಈಗಲೇ ಬರೆದಿಡುತ್ತೇನೆ.

ಮೂರನೇ ಕುರ್ಚಿ ತಿರುವಿ ಹಾಕಿ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದೆ. ನಮ್ಮ ಕೆಲಸದಲ್ಲಿ ಒಂದು ಕೈಯಲ್ಲಿ ಬಟ್ಟೆ, ಒಂದು ಕೈಯಲ್ಲಿ ಸುತ್ತಿಗೆ. ಚಿಕ್ಕ ಮೊಳೆಗಳು ಬಾಯಲ್ಲಿ. ನಾಲಿಗೆಯಿಂದ ಒಂದೊಂದಾಗಿ ತುಟಿಗೆ ತಂದುಕೊಳ್ಳುವುದು. ಅವಳು ಕಾಫಿ ತಂದು ಪಕ್ಕದ ಸ್ಟೂಲಿನ ಮೇಲಿಟ್ಟಳು. ಗಮನವಿಲ್ಲದೆ ನಿಂತು, ರೂಢಿಯಂತೆ ಕೇಳಿದಳು.

"ಹೇಗಿದೆ ಸರ್?"

ಕಾಫಿ ಮುಟ್ಟಿಯೂ ಇರಲಿಲ್ಲ. "ಹೂಂ, ಚೆನ್ನಾಗಿದೆ" ಅಂದೆ, ಮೊಳೆಗಳ ನಡುವಿನಿಂದ. ಒಂದು ಏಟು ಹೊಡೆದೆ.

ಅವಳ ಮುಖ ಬಿಳಿಚಿಕೊಂಡಿತು.

"ಫೋನಲ್ಲೂ ಹೀಗೇ ಅಂತಿದ್ರಿ" ಅಂದಳು. "ಇದೇ ಥರ, ಮೊಳೆ ಬಾಯಲ್ಲಿಟ್ಕೊಂಡು. ಅಮ್ಮ ಹೇಗಿದ್ದಾಳೆ ಅಂದ್ರೆ ಹೂಂ, ಚೆನ್ನಾಗಿದ್ದಾಳೆ. ಹಿಂದೆ ಟಕ್ ಟಕ್ ಅಂತ ಸುತ್ತಿಗೆ. ಅಪ್ಪ ಕೆಲಸ ಮಾಡ್ತಿದ್ದಾರೆ ಅಂದ್ರೆ ಮನೇಲೆಲ್ಲ ಸರಿಯಿದೆ ಅಂತ ನಾನು ನೆಮ್ಮದಿಯಾಗಿ ಓದ್ಕೊಳ್ತಿದ್ದೆ."

ನಾನು ಮೊಳೆಗಳನ್ನು ಅಂಗೈಗೆ ಉಗಿದುಕೊಂಡೆ. ಅಷ್ಟರಲ್ಲಿ ಅವಳು ಹೋಗಿಯಾಗಿತ್ತು.

ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಆ ಹನ್ನೊಂದು ದಿನ ಸಂಜೆ ಐದಕ್ಕೆ ಐಸಿಯುನಿಂದ ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಆರಕ್ಕೆ ಅವಳ ಫೋನ್. ಐದೂವರೆಗೆ ಬಂದು ನನ್ನ ಕುಶನ್ ಅಂಗಡಿ ತೆರೆಯುತ್ತಿದ್ದೆ. ಒಂದು ಕುರ್ಚಿಯ ಕೆಲಸವೂ ಮಾಡಿಲ್ಲ. ಖಾಲಿ ಹಲಗೆಯ ಮೇಲೆ ಸುತ್ತಿಗೆ ಹೊಡೆಯುತ್ತಿದ್ದೆ. ಅವಳಿಗೆ ಕೇಳಿಸಲಿ ಎಂದು. ಬಾಯಲ್ಲಿ ಮೊಳೆ ಇದ್ದರೆ ಗಂಟಲು ಕಟ್ಟಿದ್ದು ತಿಳಿಯುವುದಿಲ್ಲ ಎಂದು.

ಮಾರ್ಚ್ 19, ಬುಧವಾರ

ಒಂದು ವಾರ ಹೋಗಲಿಲ್ಲ. ಒಂಬತ್ತು ಕುರ್ಚಿ ಹಾಗೇ ಇವೆ. ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ. ಜ್ವರ ಅಂದೆ. ಇನ್ನೊಂದು ಸುಳ್ಳು. ಎಷ್ಟು ಸಲೀಸಾಗಿ ಬರುತ್ತದೆ.

ಮಾರ್ಚ್ 21, ಶುಕ್ರವಾರ. ಸಂಜೆ

ಹೋದೆ. ನಾಳೆಗೆ ಅವಳ ಮೂರು ತಿಂಗಳು ಮುಗಿಯುತ್ತದೆ. ಕಾಲು ತಾನಾಗಿ ನಡೆಯಿತು.

ಕಾಫಿ ತಂದಿಟ್ಟಳು. ಒಂದು ಗುಟುಕು ಕುಡಿದೆ. ಪುಸ್ತಕ ತೆಗೆದಳು.

"ಹೇಗಿದೆ ಸರ್?"

"ಕಹಿ. ಸುಟ್ಟ ಚಿಂದಿ ನೆಕ್ಕಿದ ಹಾಗಿದೆ. ನನ್ನ ಕೈಲಿ ಕುಡಿಯೋಕೆ ಆಗಲ್ಲ ಪುಟ್ಟಿ. ಒಂದು ದಿನಾನೂ ಆಗಿಲ್ಲ."

ಪೆನ್ನು ನಿಂತಿತು. ಪಕ್ಕದ ಮೇಜಿನವರು ತಮ್ಮ ಕಪ್ಪು ಇಣುಕಿ ನೋಡಿಕೊಂಡರು.

"ನಂಗೊತ್ತಿಲ್ವಾ ಅದು?" ಅಂದಳು. ಪುಸ್ತಕ ತಿರುವಿ ನನ್ನ ಮುಂದೆ ಹಿಡಿದಳು. ನಾನು ಬಂದ ದಿನಗಳ ಎದುರಿಗೆಲ್ಲ ಒಂದೇ ಪದ. ಸುಳ್ಳು. ಸುಳ್ಳು. ಸುಳ್ಳು.

"ಮ್ಯಾನೇಜರ್ ಇದನ್ನ ಓದಿ, ಯಾರಮ್ಮ ಇದು ದಿನಾ ಸುಳ್ಳು ಹೇಳೋ ಗಿರಾಕಿ ಅಂದ್ರು."

"ನೀನೇನಂದೆ?"

"ನಮ್ಮಪ್ಪ ಅಂದೆ."

ನಗುತ್ತಾಳೋ ಎಂದುಕೊಂಡೆ. ನಗಲಿಲ್ಲ. ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು. ತಾಯಿಯದೇ ಹಣೆ. ಎಷ್ಟು ದಿನವಾಯಿತು ನೆಟ್ಟಗೆ ನೋಡಿ.

"ಒಂದು ಕೇಳ್ತೀನಿ. ಅಮ್ಮ ನನ್ನ ಕೇಳಿದ್ಲಾ?"

"ಕೇಳಿದಳು."

"ಯಾವಾಗ? ಏನಂದ್ಲು?"

ಬೆರಳು ಕುರ್ಚಿಯ ಅಂಚಿಗೆ ಹೋಯಿತು. ಕೌಂಟರಿನಿಂದ ಯಾರೋ ನಾಲ್ಕು ಕಾಫಿ ಎಂದು ಕೂಗಿದರು. ಅವಳು ಎದ್ದಳು.

"ಭಾನುವಾರ ಹನ್ನೊಂದಕ್ಕೆ ಮನೆಗೆ ಬರ್ತೀನಿ. ಎಲ್ಲಾ ಹೇಳ್ಬೇಕು ಅಪ್ಪ, ಒಂದೂ ಬಿಡದೆ. ಈ ಸಲ ಒಂದೇ ಒಂದು ಸುಳ್ಳು ಬಂದ್ರೂ ಎದ್ದು ಹೋಗ್ತೀನಿ. ಮತ್ತೆ ಈ ಅಂಗಡಿಗೂ ನೀವು ಬರ್ಬೇಡಿ."

ಅಪ್ಪ ಅಂದಳು. ದಾರಿಯುದ್ದಕ್ಕೂ ಅದನ್ನೇ ಕೇಳಿಸಿಕೊಂಡು ಬಂದೆ.

ಮಾರ್ಚ್ 22, ಶನಿವಾರ

ಮನೆ ಗುಡಿಸಿದೆ. ಅವಳ ರೂಮಿನ ಕಿಟಕಿ ತೆಗೆದಿಟ್ಟೆ. ನಾದಿನಿ ಫೋನ್ ಮಾಡಿ, "ನೋಡಿದ್ರಾ ಭಾವ, ಬಾಯಿ ಬಿಟ್ಟಿದ್ದಕ್ಕೆ ಆಯ್ತು. ಅಕ್ಕನ ಮಾತು ನಡೆಸಿದ್ರಿ ಅಂತ ಅವಳಿಗೂ ಅರ್ಥ ಆಗುತ್ತೆ, ಧೈರ್ಯವಾಗಿರಿ" ಅಂದಳು.

ಹೂಂ ಅಂದೆ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9.20

ಅವಳಿಗೆ ಹೇಳುವ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಬಾಯಿಗೆ ಬರದಿದ್ದರೆ ಓದಿಯಾದರೂ ಹೇಳಬಹುದು.

ಖಾಲಿ ಹಲಗೆಗೆ ಸುತ್ತಿಗೆ ಹೊಡೆದದ್ದು ಹೇಳಬೇಕು. ಅದು ಹೇಗೋ ಹೇಳಿಯೇನು.

ಇನ್ನೊಂದಿದೆ. ಈ ಪುಸ್ತಕಕ್ಕೂ ಇದುವರೆಗೆ ಹೇಳಿಲ್ಲ.

ಆಸ್ಪತ್ರೆಯ ಒಂಬತ್ತನೇ ದಿನ ಮಧ್ಯಾಹ್ನ ಹೆಂಡತಿ ಕಣ್ಣು ಬಿಟ್ಟಳು. ಮಾಸ್ಕ್ ತಾನೇ ಸರಿಸಿದಳು. ನರ್ಸ್ ಬೈದಳು, ಕೇಳಲಿಲ್ಲ. "ಪುಟ್ಟಿನ ಕರೆಸಿ" ಅಂದಳು. "ಪರೀಕ್ಷೆ ಹಾಳಾಗಿ ಹೋಗ್ಲಿ. ನಂಗೆ ಅವಳನ್ನ ನೋಡ್ಬೇಕು."

ಹೂಂ ಅಂದೆ. ಕರೆಸಲಿಲ್ಲ.

ಸಂಜೆ ಫೋನ್ ಬಂತು. ಅಮ್ಮ ಚೆನ್ನಾಗಿದ್ದಾಳೆ ಅಂದೆ. ಮಾರನೆಯ ದಿನ ಇವಳು ಕೇಳಿದಳು, ಹೊರಟಿದ್ದಾಳೆ ಅಂದೆ. ಬಸ್ಸಿನಲ್ಲಿದ್ದಾಳೆ ಅಂದೆ. ಅವತ್ತೆಲ್ಲ ಬಾಗಿಲು ಸದ್ದಾದಾಗಲೆಲ್ಲ ಇವಳ ತಲೆ ಆ ಕಡೆ ತಿರುಗುತ್ತಿತ್ತು. ಹನ್ನೊಂದನೇ ದಿನ ತಿರುಗಲಿಲ್ಲ.

ಇವಳ ಮಾತು ನಡೆಸಿದೆ ಎಂದು ಊರಿಗೆಲ್ಲ ಹೇಳಿಕೊಂಡೆ. ಇವಳ ಕೊನೆಯ ಮಾತು ಅದಾಗಿರಲಿಲ್ಲ.

ಹೇಳಿದರೆ ಮಗಳು ಎದ್ದು ಹೋಗುತ್ತಾಳೆ. ಹೇಳದಿದ್ದರೂ ಹೋಗುತ್ತಾಳೆ, ಅವಳಿಗೆ ನನ್ನ ಸುಳ್ಳು ಎದುರಿಗೇ ತಿಳಿಯುತ್ತದೆ.

10.40

ಯಾಕೆ ಕರೆಸಲಿಲ್ಲ ಎಂದು ಕೇಳುತ್ತಾಳೆ. ಕೇಳದೆ ಇರುತ್ತಾಳೆಯೇ. ಪರೀಕ್ಷೆಗೆ ಎರಡೇ ದಿನ ಉಳಿದಿತ್ತು ಎಂದು ಬರೆದೆ. ಹೊಡೆದು ಹಾಕಿದೆ. ಡಾಕ್ಟರು ಪರವಾಗಿಲ್ಲ ಅಂದಿದ್ದರು ಎಂದು ಬರೆದೆ. ಅಂದಿರಲಿಲ್ಲ. ಅದನ್ನೂ ಹೊಡೆದೆ.

ನಿಜ ಏನೆಂದರೆ, ಮಗಳು ಬಂದುಬಿಟ್ಟರೆ ಇವಳು ಹೋಗುವುದು ಖಂಡಿತ ಎಂದು ನನಗೆ ಅನ್ನಿಸುತ್ತಿತ್ತು. ನೋಡಬೇಕಾದವರನ್ನು ನೋಡಿದ ಮೇಲೆ ಇವಳು ಇನ್ನು ಯಾಕೆ ಕಾಯುತ್ತಾಳೆ ಎಂದು... ಕರೆಸದಿದ್ದರೆ ಇವಳು ಕಾಯುತ್ತಲೇ ಇರುತ್ತಾಳೆ, ಕಾಯುವಷ್ಟು ದಿನ ಇರುತ್ತಾಳೆ ಎಂದು ನಾನು — ಬಾಗಿಲು ಸದ್ದಾಗುತ್ತಿದೆ.