ರೊಟ್ಟಿ ಬಡಿಯಾವ್ರು ಯಾರು?

ಫೆಬ್ರುವರಿ 17, ಸೋಮವಾರ

ಶೆಡ್ಡಿನಲ್ಲಿ ಇವತ್ತೂ ಒಣದ್ರಾಕ್ಷಿಯ ಕಡ್ಡಿ ಆರಿಸುವುದೇ ಆಯಿತು. ಬೆರಳೆಲ್ಲ ಅಂಟು. ಶಿರಗುಪ್ಪಿಯ ಬಸ್ಸು ಇಳಿದು ಮನೆ ಸೇರಿ ಕೈ ತೊಳೆಯುತ್ತಿದ್ದೆ, ಲಕ್ಷ್ಮಿಬಾಯಕ್ಕ ಬಂದರು. ಮಗಳಿಗೆ ದಿನ ತುಂಬಿವೆಯಂತೆ. ನಾಳೆಯೇ ಇಚಲಕರಂಜಿಗೆ ಹೊರಟಿದ್ದಾರೆ.

"ಗುರುವಾರದ ಪ್ರಾರ್ಥನಾ ಕೂಟ ನೀನ ನಡಸ, ಸುಜಾತಾ."

"ನಾನಾ? ನನಗ ಮಾತ ಬರಂಗಿಲ್ರಿ ಅಕ್ಕಾ."

"ಶೆಡ್ಡಿನ್ಯಾಗ ಕೂಲಿ ಹಚ್ಚೂ ಮುಕಾದಮನ ಜೋಡಿ ಜಗಳಾಡಾಕ ಬರತೈತಿ, ಇಲ್ಲಿ ಬರಂಗಿಲ್ಲಾ? ಬೈಬಲ್‌ದಾಗಿನ ಒಂದ ಭಾಗಾ ಓದಸು. ಒಂದ ಪ್ರಶ್ನಾ ಕೇಳು. ಆಮ್ಯಾಲ ಸುಮ್ನ ಕುಂದರು. ಮಂದಿನ ಮಾತಾಡತಾರ."

ನಿಂತೇ ಹೇಳಿ ಹೋದರು. ಮೂರು ವರ್ಷದಿಂದ ಕೂಟ ನಮ್ಮ ಪಡಸಾಲೆಯಲ್ಲೇ. ಚಾಪೆ ಹಾಸುವುದು ನಾನು, ಚಹಾ ಮಾಡುವುದು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಸೀಮಾ. ಮಾತು ಯಾವಾಗಲೂ ಲಕ್ಷ್ಮಿಬಾಯಕ್ಕನದು. ನಾನು ಏನು ಹೇಳಲಿ...

ಫೆಬ್ರುವರಿ 19, ಬುಧವಾರ

ಭಾಗ ಆರಿಸಿದೆ. ಯೇಸುಸ್ವಾಮಿ ಇಬ್ಬರು ಅಕ್ಕತಂಗಿಯರ ಮನೆಗೆ ಬಂದದ್ದು. ಅಕ್ಕ ಅಡುಗೆಯ ಗಡಿಬಿಡಿಯಲ್ಲಿ, ತಂಗಿ ಪಾದದ ಬಳಿ ಕುಳಿತು ಮಾತು ಕೇಳುತ್ತಾಳೆ. ಅಕ್ಕನಿಗೆ ಸಿಟ್ಟು; ತಂಗಿ ಆರಿಸಿಕೊಂಡದ್ದೇ ಒಳ್ಳೆಯದು ಅನ್ನುತ್ತಾರೆ ಸ್ವಾಮಿ. ಸುಲಭ ಇದೆ, ಎಲ್ಲರಿಗೂ ಗೊತ್ತಿರುವುದೇ.

ಸೀಮಾಳಿಗೆ ಓದಿ ತೋರಿಸೋಣವೆಂದರೆ ಅವಳು ಮಾತಿಗೆ ಸಿಗುತ್ತಿಲ್ಲ. ನಾನು ಶೆಡ್ಡಿಗೆ ಹೋಗತೊಡಗಿದಾಗಿನಿಂದ ಹೀಗೆ. ಕೇಳಿದರೆ "ಏನಿಲ್ಲ".

ಫೆಬ್ರುವರಿ 20, ಗುರುವಾರ, ಬೆಳಿಗ್ಗೆ

ಬೆಳಗಿನ ರೊಟ್ಟಿ ಹಾಗೇ ಬಿಟ್ಟೆ. ಯಾರೂ ಬಾರದಿರಲಿ ಅಂತ ಪ್ರಾರ್ಥನೆ ಮಾಡಿದೆ. ಮಾಡಬಾರದು. ಮಾಡಿದೆ.

ಅದೇ ದಿನ, ಕೂಟ ಮುಗಿದ ಮೇಲೆ

ಎಲ್ಲರೂ ಬಂದರು. ಮೊಣಕಾಲು ನೋವಿನ ಗಿರಿಜವ್ವ ಕೂಡ!

ಹಾಡನ್ನು ತೀರಾ ಎತ್ತರಕ್ಕೆ ಎತ್ತಿಬಿಟ್ಟೆ. ಎರಡನೇ ಚರಣಕ್ಕೆ ಅರ್ಧ ಮಂದಿ ಮರಾಠಿಗೆ ಹೊರಳಿದರು, ಗಡಿಯ ಊರಲ್ಲವೇ. ಹೇಗೋ ಮುಗಿಯಿತು. ಸಿದರಾಯ ಕಾಕಾ ಭಾಗ ಓದಿದರು. ಅವರದು ಗಟ್ಟಿ ದನಿ. ನಾನು ಕೇಳಿದೆ — "ಆ ಇಬ್ಬರೊಳಗ ನೀವು ಯಾರು?" ಸುಮ್ಮನೆ ಕುಳಿತೆ.

ಇನ್ನು ನಾನೇ ಏನಾದರೂ ಅನ್ನಬೇಕು ಅನ್ನುವಷ್ಟರಲ್ಲಿ ಗಿರಿಜವ್ವ —

"ಅಲ್ಲಬೇ, ಇಬ್ರೂ ಕೇಳಕೋತ ಕುಂತ್ರ ರೊಟ್ಟಿ ಬಡಿಯಾವ್ರು ಯಾರು?"

ಎಲ್ಲರೂ ನಕ್ಕರು. ನಾನೂ. ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಸೀಮಾ. ಕೈಯಲ್ಲಿ ಇಕ್ಕಳ. ಅವಳು ನಗುತ್ತಿರಲಿಲ್ಲ.

"ನಾ ಹೇಳ್ಲಿ ಯಾರಂತ? ಮೂರ ವರ್ಷಾತು, ಒಂದ ಗುರುವಾರನೂ ಪೂರ್ತಿ ಕೇಳಿಲ್ಲ ನಾ. ಓದೂದು ಚಾಲೂ ಆತಂದ್ರ ಹಾಲ ಉಕ್ಕತೈತಿ. ಪ್ರಾರ್ಥನಾ ಅಂದ್ರ ಕಪ್ಪ ತೊಳಿಯೂದು. ಈಗ ಸುಜಾತಕ್ಕಾನೂ ಶೆಡ್ಡಿಗೆ ಹೊಂಟಾಳ, ಎಲ್ಲಾ ನನ್ನ ಮ್ಯಾಲ. ಆ ಅಕ್ಕಗ ಸಿಟ್ಟ ಯಾಕ ಬಂತಂತ ನನ್ನ ಕೇಳ್ರಿ!"

ಎಲ್ಲರ ಕಣ್ಣೂ ನನ್ನ ಮೇಲೆ — ಲೀಡರ್ ಅಲ್ಲವೇ. ಕೆಲಸಕ್ಕಿಂತ ಕೇಳುವುದು ದೊಡ್ಡದು ಅಂತ ಹೇಳಲು ತಯಾರಾಗಿ ಬಂದಿದ್ದೆ. ಅದನ್ನು ಅವಳಿಗೆ ಯಾವ ಬಾಯಿಂದ ಹೇಳಲಿ?

ಎದ್ದೆ. ಒಳಗೆ ಹೋಗಿ ಗ್ಯಾಸ್ ಆರಿಸಿದೆ. ಅವಳ ಕೈ ಹಿಡಿದು ತಂದು ಚಾಪೆಯ ಮೇಲೆ ಕೂರಿಸಿದೆ.

"ಕಾಕಾ, ಮೊದಲಿಂದ ಓದ್ರಿ. ಚಹಾ ಆಮ್ಯಾಲ."

ನಿಧಾನವಾಗಿ ಓದಿದರು. ಸೀಮಾ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕಣ್ಣು ತೆರೆದು ಅಂದಳು —

"ಸ್ವಾಮಿ ಆ ಅಕ್ಕಗ ಬೈದಂಗ ಅನಸೂದಿಲ್ಲ. ಹೆಸರ ಹಿಡದ ಎರಡ ಸಲ ಕರದಾರ. ಈ ಮನ್ಯಾಗ ನನ್ನ ಹೆಸರ ಯಾರ ಹಿಡಿತಾರ? ಚಹಾ ಆತೇನು — ಅಷ್ಟ."

ಹೌದು, ಎರಡು ಸಲ. ಎಷ್ಟು ಬಾರಿ ಓದಿದ್ದೇನೆ, ಇದು ಕಂಡಿರಲಿಲ್ಲ.

ಆಮೇಲೆ ಮಾತು ನಿಲ್ಲಲೇ ಇಲ್ಲ. ಕೊನೆಗೆ ಗಿರಿಜವ್ವ ಸೀಮಾಳ ತಲೆಯ ಮೇಲೆ ಕೈಯಿಟ್ಟು ಹೆಸರೆತ್ತಿ ಪ್ರಾರ್ಥಿಸಿದರು. ಸೀಮಾ ಅತ್ತಳು. ಚಹಾ ಸಿದರಾಯ ಕಾಕಾ ಮಾಡಿದರು. ಪಾಕದಂಥ ಸಿಹಿ. ಎಲ್ಲರೂ ಕುಡಿದರು.

ಕಪ್ಪು ತೊಳೆಯುವಾಗ ನಾನೂ ಪಕ್ಕಕ್ಕೆ ನಿಂತೆ. "ಮಂದಿ ಮುಂದ ಅಂದ್ನಲ್ಲಾ ಅಕ್ಕಾ, ಸಿಟ್ಟ ಬಂತಾ?" ಅಂದಳು. ಇಲ್ಲ ಅಂದೆ. ನಿಜವಾಗಿ ಇಲ್ಲ. ಮೈಯೆಲ್ಲ ಹಗುರ. ಹಸಿವೂ ಆಗುತ್ತಿದೆ!

ಫೆಬ್ರುವರಿ 22, ಶನಿವಾರ

ಲಕ್ಷ್ಮಿಬಾಯಕ್ಕನ ಫೋನ್. ಹೆಣ್ಣು ಮಗು, ಇಬ್ಬರೂ ಆರಾಮ. "ಕೂಟ ಹೆಂಗಾತು? ಮಂದಿ ಮಾತಾಡಿದ್ರಾ?"

"ನಿಲ್ಲಸೂದ ಕಷ್ಟಾತ್ರಿ."

"ಹಂಗಾರ ನಾ ಇನ್ನೂ ಒಂದ ತಿಂಗಳ ಇಲ್ಲೇ ಇರತೇನಿ."

ವಾರದ ಹಿಂದಾಗಿದ್ದರೆ ಅತ್ತುಬಿಡುತ್ತಿದ್ದೆ. "ಹೂಂರಿ" ಅಂದೆ.

ಫೆಬ್ರುವರಿ 26, ಬುಧವಾರ

ಇನ್ನು ಸಂಜೆಯ ರೊಟ್ಟಿ ನನ್ನದು, ಬೆಳಗಿನದು ಸೀಮಾಳದು. ಗುರುವಾರದ ಚಹಾ ವಾರಕ್ಕೊಬ್ಬರು ಥರ್ಮಾಸಿನಲ್ಲಿ ತರುವುದು.

ಸೀಮಾ ಆ ಭಾಗ ಇನ್ನೂ ಬಿಟ್ಟಿಲ್ಲ. ಈಗಷ್ಟೇ ಹಿಟ್ಟು ಸಾಣಿಸುತ್ತ ಕೇಳಿದಳು — "ಅಕ್ಕಾ, ಆ ಅಕ್ಕತಂಗಿಗೆ ಒಬ್ಬ ಅಣ್ಣ ಇದ್ದಾ ಅಲ್ಲಾ? ಆವತ್ತ ಅಂವಾ ಎಲ್ಲಿ ಹೋಗಿದ್ದಾ? ಒಂದ ಕೊಡಾ ನೀರರ ತರಬೇಕಿಲ್ಲಾ?" ಪಡಸಾಲೆಯಲ್ಲಿ ಟಿವಿ ಮುಂದೆ ಕೂತ ಅವಳ ಗಂಡ ಸಂಗ್ರಾಮನಿಗೆ ಕೇಳುವಷ್ಟು ಜೋರಾಗಿ.

ಟಿವಿ ಸದ್ದು ನಿಂತಿತು. ಸಂಗ್ರಾಮ ಎದ್ದು ಈ ಕಡೆಗೇ ಬಂದ, ಮೂಲೆಯ ಖಾಲಿ ಕೊಡ ಎತ್ತಿಕೊಂಡು ನೀರಿಗೆ ಹೊರಟ.