ಟೊಮೇಟೊ ಗಿಡಕ್ಕೆ ನೀರು ಹಾಕಿದ್ದು ನಾನೇ

ರೀ,

ಅತ್ತೆಯವರನ್ನು ಕರೆದುಕೊಂಡು ಬರಲು ಬಸ್ ಸ್ಟ್ಯಾಂಡಿಗೆ ಹೋದವರು ಇನ್ನೂ ಬಂದಿಲ್ಲ. ಕಡಬದ ಬಸ್ಸು ಲೇಟಾಗಿರಬೇಕು. ನನಗೆ ಗುಬ್ಬಿ ಬಸ್ಸು ತಪ್ಪಿದರೆ ಸ್ಕೂಲಿಗೆ ಹೊತ್ತಾಗುತ್ತದೆ, ಹೊರಟೆ.

ನಾನು ಹೊರಗಾಗಿ ಇವತ್ತಿಗೆ ಎರಡನೇ ದಿನ. ಆದರೂ ತಾರಸಿಯ ಟೊಮೇಟೊ ಗಿಡಗಳಿಗೆಲ್ಲ ಬೆಳಿಗ್ಗೆ ನಾನೇ ನೀರು ಹಾಕಿದ್ದೇನೆ. ನೀವು ಮತ್ತೆ ಹಾಕಬೇಡಿ. ಸಂಜೆ ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಬುಡಕ್ಕೆ ಒಂದು ಚೊಂಬು ಹಾಕಿ. ಡಾಲ್ಡಾ ಟಿನ್ನುಗಳ ತಳಕ್ಕೆ ತೂತು ಹೊಡೆದಿರುವುದು ನೀರು ಹೋಗಲಿ ಅಂತಲೇ. ಮತ್ತೆ ಬಟ್ಟೆ ತುರುಕಬೇಡಿ.

ಯುಗಾದಿ ಹೊತ್ತಿನಲ್ಲಿ ಶಾಸ್ತ್ರ ಅಂತ ಮೂರು ದಿನ ದೂರ ಕೂತಿದ್ದೆ. ನೀವು ತೂತು ಮುಚ್ಚಿ ಬಕೆಟ್‌ಗಟ್ಟಲೆ ಸುರಿದಿರಿ, ಎರಡು ಗಿಡದ ಬುಡ ಕೊಳೆಯಿತು. ಹಬ್ಬಕ್ಕೆ ಬಂದಿದ್ದ ಅತ್ತೆ ಅದನ್ನು ನೋಡಿ, "ಮುಟ್ಟಾದೋಳು ಮುಟ್ಟವ್ಳೆ, ಇನ್ನೇನಾಯ್ತದೆ" ಅಂದರು. ನೀವು ತಲೆ ಎತ್ತದೆ ಮುದ್ದೆ ನುಂಗಿದಿರಿ. ಅವತ್ತಿನಿಂದ ಒಂದು ದಿನವೂ ಬಿಡದೆ ನಾನೇ ಮುಟ್ಟಿದ್ದೇನೆ. ಉಳಿದ ಐದೂ ಗಿಡ ಕಾಯಿಯ ಭಾರಕ್ಕೆ ಬಗ್ಗಿವೆ. ದೊಡ್ಡದಕ್ಕೆ ಕಡ್ಡಿ ನೆಟ್ಟು ನನ್ನ ಹಳೇ ಲಂಗದ ಲಾಡಿಯಲ್ಲಿ ಕಟ್ಟಿದ್ದೇನೆ. ನಾಚಿಕೆ ಅಂತ ಅದನ್ನು ಬಿಚ್ಚಬೇಡಿ.

ಮೊರದಲ್ಲಿ ಹಣ್ಣಿದೆ, ಗೊಜ್ಜು ನೀವೇ ಮಾಡಿ. ಉಪ್ಪು ಕಮ್ಮಿ ಇರಲಿ, ಅತ್ತೆಗೆ ಬಿ.ಪಿ. ಇದೆ.

ಬಡಿಸುವ ಮೊದಲೇ ಅವರಿಗೆ ನಿಜ ಹೇಳಿ. ಕೊಳೆತ ಗಿಡ ನನ್ನ ಹೆಸರಿಗೆ ಬಂದಾಗ ಸುಮ್ಮನಿದ್ದಿರಿ. ಹಣ್ಣು ಬಿಟ್ಟಿದ್ದಕ್ಕೂ ನನ್ನ ಹೆಸರನ್ನೇ ಹೇಳಿ.

ವನಜ