ಅಪ್ಪನ ಮೂಗು ಮತ್ತು ಬ್ರೇಕ್ ಎಣ್ಣೆ

ಗ್ಯಾರೇಜಿನ ಹಿಂದಿನ ಕೋಣೆ
ಗುರುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಅಕ್ಕ ಚೇತರಿಸಿಕೊಂಡಳೇ, ಕೂಸು ನಿಮ್ಮನ್ನು ಮಲಗಲು ಬಿಡುತ್ತದೆಯೇ? ನೀನು ಅಕ್ಕನ ಹೆರಿಗೆಗೆಂದು ಹೋದ ಮೇಲೆ ಇಲ್ಲಿ ನಮ್ಮಿಬ್ಬರದು ಹೇಗೋ ನಡೆಯುತ್ತಿದೆ. ಅನ್ನ ಒಂದು ದಿನ ಅಂಟು, ಒಂದು ದಿನ ಕಲ್ಲು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಫೋನ್ ಬಂದರೆ ಸಾಕು, ಅಪ್ಪ ನನ್ನ ಹೆಗಲಿಗೆ ಅಂಟಿಕೊಂಡೇ ನಿಲ್ಲುತ್ತಾರೆ. ಅದಕ್ಕೇ ಈ ಕಾಗದ.

ಅಮ್ಮಾ, ಅಪ್ಪನಿಗೆ ವಾಸನೆ ಗೊತ್ತಾಗುತ್ತಿಲ್ಲ. ಆ ಜ್ವರ ಬಂದು ಹೋಯಿತಲ್ಲ, ಆಗಿನಿಂದಲೇ ಇರಬೇಕು. ಬಾಯಿಬಿಟ್ಟು ಹೇಳಿಲ್ಲ, ಹೇಳುವ ಆಸಾಮಿಯೂ ಅಲ್ಲ. ಈಚೆಗೆ ಒಂದು ದಿನ ಗೇರ್ ಎಣ್ಣೆಯ ಡಬ್ಬ ಉರುಳಿ ನೆಲವೆಲ್ಲ ಹರಿಯಿತು. ಆ ನಾತಕ್ಕೆ ಪಕ್ಕದ ಟೈಲರ್ ಮೂಗು ಹಿಡಿದುಕೊಂಡು ಬೀದಿಗೆ ಓಡಿದ. ಅಪ್ಪ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಆರಾಮಾಗಿ ಟೀ ಕುಡಿಯುತ್ತಿದ್ದರು. ಆಗಲೇ ನನಗೆ ಗೊತ್ತಾಗಿದ್ದು.

ಅವರ ಕೆಲಸದ ರೀತಿ ನಿನಗೆ ಗೊತ್ತೇ ಇದೆ. ದೊಡ್ಡ ಕ್ಯಾನುಗಳಿಂದ ಎಲ್ಲವನ್ನೂ ಒಂದೇ ಥರದ ಸಣ್ಣ ಬಾಟಲಿಗಳಿಗೆ ಸುರಿದಿಟ್ಟು, ಮುಚ್ಚಳ ತೆಗೆದು ಒಮ್ಮೆ ಮೂಸಿ, ಇದು ಬ್ರೇಕಿಗೆ, ಇದು ಸ್ಟಿಯರಿಂಗಿಗೆ ಎನ್ನುವುದು. ಇಷ್ಟು ವರ್ಷ ಒಂದು ಸಲವೂ ತಪ್ಪಿರಲಿಲ್ಲ. ಈಗಲೂ ಮೂಸುತ್ತಾರೆ, ತಲೆ ಆಡಿಸುತ್ತಾರೆ, ಆಮೇಲೆ ಅಂದಾಜಿನ ಮೇಲೆ ಸುರಿಯುತ್ತಾರೆ. ನಾನು ಬಾಟಲಿಗಳಿಗೆ ಚೀಟಿ ಅಂಟಿಸಿದೆ. "ಇದೇನು ಔಷಧಿ ಅಂಗಡಿನಾ?" ಎಂದು ಎಲ್ಲವನ್ನೂ ಕಿತ್ತು ಬಿಸಾಕಿದರು. ಕೊನೆಗೆ ಆಗಬಾರದ್ದು ಆಯಿತು. ಶಾಲೆಯ ಮೇಡಂ ಕಾರಿನ ಬ್ರೇಕಿಗೆ ಸ್ಟಿಯರಿಂಗ್ ಎಣ್ಣೆ ಬಿತ್ತು. ಕೀಲಿ ಕೊಡುವ ಮುಂಚೆ ಯಾಕೋ ಅನುಮಾನ ಬಂದು ಒಂದು ಹನಿ ತೆಗೆದು ನೀರಿಗೆ ಬಿಟ್ಟೆ. ಬ್ರೇಕ್ ಎಣ್ಣೆಯಾದರೆ ನೀರಿನಲ್ಲಿ ಬೆರೆಯಬೇಕು. ಇದು ಮೇಲೆ ತೇಲಿತು. ಹಾಗೆಯೇ ಹೋಗಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬಿ, ಯಾವುದೋ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಿರಲಿಲ್ಲ. ಅವರ ಕಾರಿನಲ್ಲಿ ಮಕ್ಕಳು ಕೂರುತ್ತಾರಮ್ಮ! "ಒಂದು ಸಾಮಾನು ಬರಬೇಕು, ನಾಳೆ ಬನ್ನಿ" ಎಂದು ಸುಳ್ಳು ಹೇಳಿ ಕಳಿಸಿ, ಪೈಪು, ರಬ್ಬರು ಎಲ್ಲ ಬದಲಿಸಿದೆ.

ಅಂದಿನಿಂದ ಪ್ರತಿ ಕಾರಿಗೂ ಎರಡೆರಡು ಸಲ ಕೆಲಸ. ಮಧ್ಯಾಹ್ನ ಅಪ್ಪ ಊಟ ಮಾಡಿ ಒಳಗೆ ಮಲಗಿದಾಗ ನಾನು ಬಾನೆಟ್ ಎತ್ತಿ, ಅವರು ಹಾಕಿದ್ದನ್ನೆಲ್ಲ ಪರೀಕ್ಷಿಸುತ್ತೇನೆ. ಹಾಗೆಂದು ಅವರಿಗೆ ಕೆಲಸ ಮರೆತಿದೆಯೇ? ಎಲ್ಲಾದರೂ ಉಂಟೇ! ನೋಡಲು ಅವಳಿಜವಳಿಯಂತಿರುವ ಆಯಿಲ್ ಫಿಲ್ಟರುಗಳಲ್ಲಿ ಯಾವುದು ಯಾವ ಇಂಜಿನ್ನಿಗೆ ಸರಿಯಾಗಿ ಕೂರುತ್ತದೆ ಎಂದು ಈಗಲೂ ಬೆರಳಾಡಿಸಿಯೇ ಹೇಳುತ್ತಾರೆ. ಅದಕ್ಕೇ ಗ್ಯಾರೇಜು ಬಿಟ್ಟು ಮನೆಯಲ್ಲಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸಾಕಾಗಿ ಹೋಗಿದೆ ಅಮ್ಮ. ಸೊಂಟ ಬಿದ್ದುಹೋಗಿದೆ. ಕೆಲಸಕ್ಕಿಂತ ಹೆಚ್ಚಾಗಿ ಈ ಕಳ್ಳಾಟಕ್ಕೇ ಸುಸ್ತಾಗುತ್ತದೆ. ನಾನು ಹೇಳಿದರೆ ದೊಡ್ಡ ರಂಪ. ನೀನೇ ಬಂದು, ಎಣ್ಣೆಯ ಕೆಲಸ ಇವನಿಗೆ ಬಿಡಿ ಎಂದು ನಿನ್ನ ರೀತಿಯಲ್ಲಿ ಹೇಳಬೇಕು. ಅವರು ಜಗ್ಗುವುದು ನಿನ್ನ ಮಾತೊಂದಕ್ಕೇ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಕೂಸಿನ ಕೆನ್ನೆಗೆ ಮಾವನ ಪರವಾಗಿ ಒಂದು ಮುತ್ತು ಕೊಡು. ನೀನು ಸ್ವಲ್ಪ ಮಲಗಿ ಸುಧಾರಿಸಿಕೋ.

ಇಷ್ಟಾದರೂ ನೀನು ಸೋಮಾರಿ ಎಂದೇ ಕರೆಯುವ
ನಿನ್ನ ಮಗ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಪ್ಪ ಬಂದರು. "ಡಾಕ್ಟರ್ ಕಾರಿಗೆ ಬ್ರೇಕ್ ಎಣ್ಣೆ ಹಾಕಿದೀನಿ. ಈಗ್ಲೇ ಒಂದ್ಸಲ ನೋಡ್ಬಿಡು. ದಿನಾ ಮಧ್ಯಾಹ್ನದ ಬಿಸಿಲಲ್ಲಿ ಎಷ್ಟೂಂತ ಒದ್ದಾಡ್ತೀಯ?" ಎಂದರು. ನನ್ನ ಮುಖ ನೋಡಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತಮ್ಮ. ನನ್ನ ಕೆಲಸ ಮುಗಿಯಲಿ ಎಂದೇ ಇಷ್ಟು ದಿನ ನಿದ್ದೆ ಬಾರದಿದ್ದರೂ ಒಳಗೆ ಮಲಗಿರುತ್ತಿದ್ದರು. ನೀನು ಅವರಿಗೆ ಏನೂ ಹೇಳಬೇಡ. ಸುಮ್ಮನೆ ಬೇಗ ಬಂದುಬಿಡು.